ಮಡಿವಾಳೆಪ್ಪ ಮಿಸ್ತ್ರಿ ಮತ್ತು ಸುಭಾಸನ ಎಣ್ಣೆ

ಯರಗಟ್ಟಿಯಲ್ಲಿ ಗಾಡಿ ಕೆಟ್ಟು ನಿಂತರೆ ಜನ ಮೊದಲು ಕೇಳುವುದು, ಮಡಿವಾಳೆಪ್ಪ ಮಿಸ್ತ್ರಿ ಊರಲ್ಲಿದ್ದಾನೋ ಇಲ್ಲವೋ ಎಂದು. ಬೆಳಗಾವಿ ರಸ್ತೆಗೆ ಮುಖ ಮಾಡಿದ ಅವನ ಗ್ಯಾರೇಜಿಗೆ ಒಂದು ಬೋರ್ಡೂ ಇಲ್ಲ. ಇತ್ತು, ಎಂಟು ವರ್ಷದ ಹಿಂದಿನ ಬಿರುಗಾಳಿಗೆ ಹಾರಿ ಯಾರದೋ ಗೋವಿನಜೋಳದ ಹೊಲದಲ್ಲಿ ಹೋಗಿ ಬಿತ್ತು. ಹೊಲದವರು ಪಾಪ, ಹೊತ್ತು ತಂದು ಕೊಟ್ಟರೂ ಅವನು ಮತ್ತೆ ಕಟ್ಟಲಿಲ್ಲ. “ಗ್ಯಾರೇಜ್ ಎಲ್ಲೈತಿ ಅಂತ ನನಗ ಗೊತ್ತೈತಿ, ಬರೋ ಮಂದಿಗೂ ಗೊತ್ತೈತಿ. ಇನ್ನ ಬೋರ್ಡ್ ಯಾರ ಸಂಬಂಧ?” ಎಂದ. ಈಗ ಆ ಬೋರ್ಡನ್ನೇ ನೆಲಕ್ಕೆ ಹಾಸಿ, ಅದರ ಮೇಲೆ ಅಂಗಾತ ಮಲಗಿ ಗಾಡಿಗಳ ಕೆಳಗೆ ಜಾರುತ್ತಾನೆ. ಹೆಸರಿನ ಮೇಲೆ ಮಲಗುವ ಭಾಗ್ಯ ಎಲ್ಲರಿಗೂ ಎಲ್ಲಿ ಬರುತ್ತದೆ ಹೇಳಿ.

ಅವನು ಸಿರಸಂಗಿಯ ಒಕ್ಕಲುತನದ ಮನೆಯವನು. ಹದಿನಾರನೇ ವಯಸ್ಸಿಗೆ ಬೈಲಹೊಂಗಲದ ಒಬ್ಬ ಹಿರಿಯ ಮಿಸ್ತ್ರಿಯ ಕೈಕೆಳಗೆ ಸೇರಿ, ಮೊದಲ ಎರಡು ವರ್ಷ ನಟ್ಟು ಬೋಲ್ಟು ತೊಳೆಯುವುದರಲ್ಲೇ ಕಳೆದ. ಮೂರನೇ ವರ್ಷ ಇಂಜಿನ್ ಮುಟ್ಟಲು ಬಿಟ್ಟರು. ಇಪ್ಪತ್ತನಾಲ್ಕಕ್ಕೆ ಯರಗಟ್ಟಿಗೆ ಬಂದು ತಗಡಿನ ಶೆಡ್ಡು ಹಾಕಿದ. ಈಗ ಐವತ್ತಾರು. ಹೆಂಡತಿ ಇಂದ್ರವ್ವ ರಾಮದುರ್ಗದ ಕಡೆಯವಳು. ಬಾಯಿ ಜೋರು, ಕೈ ಉದಾರ. ಮಧ್ಯಾಹ್ನ ಮನೆಗೆ ಹೋಗಿ ಎರಡು ರೊಟ್ಟಿ ತಿಂದು ಕಾಲು ಗಂಟೆ ಅಡ್ಡಾದರೆ ಅವನಿಗೆ ಜೀವನದಿಂದ ಇನ್ನೇನೂ ಬೇಕಾಗಿರಲಿಲ್ಲ. ದೋಷ ಅಂತ ಹೇಳುವುದಾದರೆ ಒಂದೇ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಮತ್ತು ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದನ್ನು ಆಡಿಬಿಡುತ್ತಿದ್ದ.

ಇಂಜಿನ್ನಿನಲ್ಲಿ ಅವನಿಗೆ ಎಲ್ಲಕ್ಕಿಂತ ಪ್ರೀತಿ ಆಯಿಲ್ ಪಂಪಿನ ಮೇಲೆ. ಹೆಂಡತಿ ಹುಟ್ಟಿದ ತಾರೀಖು ಹೇಳಲು ಬಾರದವನು ಯಾವ ಗಾಡಿಯ ಪಂಪಿನ ಹಲ್ಲಿಗೂ ಗೋಡೆಗೂ ನಡುವೆ ಎಷ್ಟು ಸಂದಿ ಇರಬೇಕು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಗಡಿನ ತೊಟ್ಟಿಯಿದೆ, ಅದಕ್ಕೆ ಮಿಸ್ತ್ರಿಗಳು ಚೇಂಬರ್ ಅನ್ನುತ್ತಾರೆ. ಆ ತೊಟ್ಟಿಯೊಳಗೆ ಒಂದು ಕೊಳವೆ, ಕೊಳವೆಯ ಬಾಯಿಗೆ ಕಸ ತಡೆಯುವ ಜಾಳಿಗೆ. ಅಂಗೈಯಗಲದ ಆ ಪಂಪು ಜಾಳಿಗೆಯ ಮೂಲಕ ಎಣ್ಣೆಯನ್ನು ಎಳೆದು, ಫಿಲ್ಟರಿಗೆ ಕೊಟ್ಟು, ಅಲ್ಲಿಂದ ಬೇರಿಂಗಿಗೆ, ಮೇಲೆ ಹೆಡ್ಡಿಗೆ, ಎಲ್ಲೆಲ್ಲಿ ಲೋಹ ಲೋಹಕ್ಕೆ ತಿಕ್ಕುತ್ತದೋ ಅಲ್ಲಿಗೆಲ್ಲ ಒತ್ತಿ ಕಳಿಸಬೇಕು. ಐದು ನಿಮಿಷ ಅದು ಸುಮ್ಮನಾದರೆ ಸಾಕು, ಇಂಜಿನ್ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. “ಮಂದಿ ಗಾಡಿ ತೊಳೀತಾರ, ಸೀಟಿಗೆ ಕವರ್ ಹಾಕ್ತಾರ, ಹಾರ್ನ್ ಬದಲಸ್ತಾರ. ಈ ಬಡಪಾಯಿ ಪಂಪ್ ಅದಾನೋ ಸತ್ತಾನೋ ಅಂತ ಒಬ್ಬರೂ ಕೇಳೂದಿಲ್ಲ” ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

ರಸ್ತೆಯ ಆಚೆ ಬದಿಗೆ ಎದುರುಬದುರಾಗಿ ಸುಭಾಸನ ಅಂಗಡಿ. ಇಂಜಿನ್ ಎಣ್ಣೆ, ಗ್ರೀಸು, ಫಿಲ್ಟರು, ಬೆಲ್ಟು ಮಾರುವ ಅಂಗಡಿ. ಎಣ್ಣೆ ಮಾರುವವನಾದರೂ ದಿನಾ ಬಿಳಿ ಅಂಗಿ ತೊಡುತ್ತಿದ್ದ, ಸಂಜೆಗೂ ಅದು ಬಿಳಿಯಾಗಿಯೇ ಇರುತ್ತಿತ್ತು. ಬ್ಯಾರಲ್ಲಿನಿಂದ ಬಿಡಿ ಎಣ್ಣೆ ಅಳೆದು ಕೊಡುವಾಗ ಅಳತೆಪಾತ್ರೆಯನ್ನು ಬಗ್ಗಿಸಿ, ಕೊನೆಯ ಹನಿ ಇಳಿಯುವವರೆಗೂ ಕಾಯುತ್ತಿದ್ದ. ಗಿರಾಕಿಗಳಿಗೆ ಬೇಸರವಾದರೂ ಅವನಿಗೆ ಆಗುತ್ತಿರಲಿಲ್ಲ. ಇಬ್ಬರೂ ಒಂದೇ ವರ್ಷ ಯರಗಟ್ಟಿಗೆ ಬಂದವರು. ಮೂವತ್ತೆರಡು ವರ್ಷ ನಾಲ್ಕು ಗಂಟೆಯ ಚಹಾವನ್ನು ಒಬ್ಬನನ್ನು ಬಿಟ್ಟು ಇನ್ನೊಬ್ಬ ಕುಡಿದಿರಲಿಲ್ಲ. ಮಡಿವಾಳೆಪ್ಪ ಕೂಗಾಡುವವನು, ಸುಭಾಸ ಮೆತ್ತಗಿನವನು. ಇಬ್ಬರಲ್ಲಿ ಒಬ್ಬನಾದರೂ ಮೆತ್ತಗಿದ್ದದ್ದಕ್ಕೇ ಸ್ನೇಹ ಅಷ್ಟು ದಿನ ಬಾಳಿತೆಂದು ಇಂದ್ರವ್ವ ಹೇಳುತ್ತಿದ್ದಳು.

ಈ ವರ್ಷ ಮಾಘದ ಭಾರತ ಹುಣ್ಣಿಮೆ ಮುಗಿದು ನಾಲ್ಕೈದು ದಿನವಾಗಿತ್ತು. ಸಾಲಹಳ್ಳಿಯ ಮಾಂತೇಶನ ಬಿಳಿ ಕಾರನ್ನು ಒಂದು ಟ್ರ್ಯಾಕ್ಟರು ಎಳೆದುಕೊಂಡು ಬಂದು ಗ್ಯಾರೇಜಿನ ಮುಂದೆ ನಿಲ್ಲಿಸಿತು. ಮಾಂತೇಶ ಕಬ್ಬು, ಕಡಲೆ ಬೆಳೆಯುವ ರೈತ. ಎರಡು ತಿಂಗಳ ಹಿಂದೆ ಯಾರೋ ಓಡಿಸಿ ಬಿಟ್ಟ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದ. ಮೊಣಕಾಲು ನೋವಿನ ತಾಯಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಓಡಾಡುವುದು ಅವನಿಗೆ ಸಂಕಟವಾಗುತ್ತಿತ್ತು.

“ಕಾಕಾ, ಮೀಟರಿನ್ಯಾಗ ಕೆಂಪು ದೀಪ ಹತ್ತೈತ್ರಿ. ಎಣ್ಣಿ ಗಿಂಡಿ ಚಿತ್ರ ಐತಲ್ರೀ, ಅದು” ಎಂದ.

“ಹತ್ತಿದ ಮ್ಯಾಲ ಎಷ್ಟ ದೂರ ಓಡಿಸಿದಿ?”

“ಒಂದ್ ಕಿಲೋಮೀಟರ್ ಇರಬೇಕ್ರಿ. ಕಡ್ಡಿ ತಗದ ನೋಡಿದ್ನಿ, ಎಣ್ಣಿ ಬರೋಬ್ಬರಿ ಐತಿ.”

“ತಳದಾಗ ಎಣ್ಣಿ ಇದ್ರ ಆತೇನೋ? ಅದು ಮ್ಯಾಲ ಏರಬೇಕಲ್ಲ! ಆ ದೀಪ ಹತ್ತಿದ ಕೂಡ್ಲೆ ಬಂದ್ ಮಾಡಬೇಕು. ಇನ್ನೊಂದ್ ನಾಕ ಕಿಲೋಮೀಟರ್ ಹೊಡದಿದ್ರ ಬೇರಿಂಗ್ ಹಿಡಕೊಂಡ ಬಿಡತಿತ್ತು.”

“ದೀಪದ ಸ್ವಿಚ್ ಕೆಟ್ರೂ ಹಂಗ ಹತ್ತತೈತಿ ಅಂತ ಮೊಬೈಲಿನ್ಯಾಗ ನೋಡೀನ್ರಿ.”

“ಖರೇ ಐತಿ. ಅದಕ್ಕ ಮೊದ್ಲ ಅದನ್ನ ನೋಡೂಣು” ಎಂದು ಮಡಿವಾಳೆಪ್ಪ ಸ್ವಿಚ್ಚನ್ನು ಬಿಚ್ಚಿ, ಆ ತೂತಿಗೆ ಒತ್ತಡ ತೋರಿಸುವ ಗೇಜು ತಿರುವಿ, ಇಂಜಿನ್ ಚಾಲೂ ಮಾಡಿಸಿದ. ಮುಳ್ಳು ಸ್ವಲ್ಪ ಎದ್ದಂತೆ ಮಾಡಿ ಹಾಗೇ ಕೆಳಗೆ ಕೂತಿತು. ಮೇಲಿನಿಂದ ಟಕಟಕ ಸದ್ದು ಶುರುವಾಯಿತು. ಕೂಡಲೇ ಬಂದ್ ಮಾಡಿಸಿದ.

ಚೇಂಬರ್ ಇಳಿಸಿದರೆ ಜಾಳಿಗೆಗೆ ಕಂದುಹಳದಿ ಬಣ್ಣದ ರಾಡಿ ದಪ್ಪಗೆ ಮೆತ್ತಿಕೊಂಡಿತ್ತು. ಬೆಲ್ಟು, ಪುಲ್ಲಿ ಬಿಚ್ಚಿ ಪಂಪನ್ನೂ ಹೊರತೆಗೆದ. ಹಲ್ಲುಗಳ ಸಂದಿಯಲ್ಲಿ ತೆಳು ತಗಡಿನ ಗೇಜು ತೂರಿಸಿ ನೋಡಿದ. ಸವೆದಿತ್ತು, ಇರಬೇಕಾದ್ದಕ್ಕಿಂತ ಒಂದು ಎಳೆ ಹೆಚ್ಚು. ಹಳೆ ಗಾಡಿ, ಪಂಪು ಹೇಗೂ ಬದಲಿಸುವ ಕಾಲ ಬಂದಿತ್ತು. ಆದರೆ ಈ ರಾಡಿ ಎಲ್ಲಿಂದ ಬಂತು? ಬೆರಳಿಗೆ ಹಚ್ಚಿ ತಿಕ್ಕಿದ, ಮೂಸಿದ. ಸುಟ್ಟ ಎಣ್ಣೆಯ ವಾಸನೆ ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

“ಎಣ್ಣಿ ಯಾವಾಗ ಬದಲ್ ಮಾಡಿದ್ದು?”

“ಹತ್ತ ದಿನ ಆತ್ರಿ. ಸುಭಾಸ ಕಾಕಾನ ಬ್ಯಾರಲ್ಲಿಂದ ಒಯ್ದು ಮನ್ಯಾಗ ನಾನಾ ಹಾಕೀನ್ರಿ.”

ಬಿಸಿಲಿನ ಹೊತ್ತು, ಬೆನ್ನು ಹಿಡಿದಿತ್ತು, ಕಲಬೆರಕೆ ಎಣ್ಣೆ ಎಲ್ಲೋ ಸಿಕ್ಕಿಬಿದ್ದ ಸುದ್ದಿಯನ್ನು ಅವತ್ತೇ ಬೆಳಿಗ್ಗೆ ಯಾರೋ ಓದಿ ಹೇಳಿದ್ದರು. ಮಡಿವಾಳೆಪ್ಪನ ಸಿಟ್ಟಿಗೆ ಇಷ್ಟು ಸಾಕಾಯಿತು. ರಾಡಿ ಮೆತ್ತಿದ ಜಾಳಿಗೆಯನ್ನು ಎತ್ತಿ ಹಿಡಿದು ರಸ್ತೆಯ ಅಂಚಿಗೆ ಹೋದ.

“ಏ ಸುಭಾಸಾ! ಎಣ್ಣಿ ಮಾರಾಕ ಹತ್ತಿಯೋ, ರಾಡಿ ಮಾರಾಕ ಹತ್ತಿಯೋ?”

ಸುಭಾಸ ಮೆಟ್ಟಿಲಿಗೆ ಬಂದು ನಿಂತ. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು, ಪಕ್ಕದ ನೆರಳಿನಲ್ಲಿ ಬಸ್ಸಿಗೆ ಕಾಯುವವರು ಎಂಟು ಹತ್ತು ಮಂದಿ.

“ಕಲಬೆರಕಿ ಮಾರಿ ಮಂದಿ ಇಂಜಿನ್ ಹಾಳ ಮಾಡಾಕ ಹತ್ತಿ! ನಾಚಿಕಿ ಆಗೂದಿಲ್ಲೇನು?”

“ಮಡಿವಾಳಾ,” ಎಂದ ಸುಭಾಸ, “ನನಗ ಹೇಳಾಕ ಹತ್ತಿಯೇನು?”

“ಮತ್ಯಾರಿಗೆ? ಇಲ್ಲಿ ಇನ್ಯಾರದರ ಎಣ್ಣಿ ಐತೇನು?”

ಸುಭಾಸ ಒಳಗೆ ಹೋಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು, ಕೂಗಾಡಿ ಸಂಜೆಗೆ ಮುಗಿದುಹೋಗುತ್ತಿತ್ತು. ಅವನು ಬರಲಿಲ್ಲ.

ಮಡಿವಾಳೆಪ್ಪ ಹೊಸ ಪಂಪು ಕೂರಿಸಿ, ಬೈಲಹೊಂಗಲದಿಂದ ಸೀಲು ಒಡೆಯದ ಡಬ್ಬಿಯ ಎಣ್ಣೆ ತರಿಸಿ ಹಾಕಿ ಗಾಡಿ ಕಳಿಸಿದ. ಮುಂದಿನ ದಿನಗಳು ಮಾತ್ರ ಅವನಿಗೆ ರುಚಿಸಲಿಲ್ಲ. ನಾಲ್ಕು ಗಂಟೆಗೆ ಚಹಾ ಬರುತ್ತಿತ್ತು, ಒಬ್ಬನೇ ಕುಡಿಯುತ್ತಿದ್ದ, ಅರ್ಧ ಚೆಲ್ಲುತ್ತಿದ್ದ. ಅವನ ಮಾತಿಗೆ ಆ ರಸ್ತೆಯಲ್ಲಿ ತೂಕವಿತ್ತು. ಅದೇ ಈಗ ಕಷ್ಟಕ್ಕೆ ಬಂತು. ಟೆಂಪೋದವರು, ಟ್ರ್ಯಾಕ್ಟರಿನವರು ಸುಭಾಸನ ಬ್ಯಾರಲ್ಲನ್ನು ಓರೆಗಣ್ಣಿನಿಂದ ನೋಡಿ ಮುಂದೆ ಹೋಗತೊಡಗಿದರು. “ಮಿಸ್ತ್ರಿನ ಹೇಳ್ಯಾನಂದ ಮ್ಯಾಲ ಸುಳ್ಳ ಇರತೈತೇನು?” ಎಂದು ಜನ ಆಡಿಕೊಳ್ಳುವುದು ಮಡಿವಾಳೆಪ್ಪನ ಕಿವಿಗೇ ಬಿತ್ತು. ಕೇಳಿ ಅವನಿಗೆ ಹಿತವಾಗಬೇಕಿತ್ತು, ಆಗಲಿಲ್ಲ. ಆದರೂ ಬಿಗುಮಾನ. ಎಣ್ಣೆ ಕೊಟ್ಟವನು ಅವನು, ಬಂದು ಮಾತಾಡಬೇಕಾದವನೂ ಅವನೇ ಎಂದುಕೊಂಡು ಬೆನ್ನು ತಿರುಗಿಸಿ ಕೆಲಸ ಮಾಡಿದ.

ಮೂರು ವಾರಕ್ಕೆ ಸರಿಯಾಗಿ ಆ ಬಿಳಿ ಕಾರು ಮತ್ತೆ ಬಂತು. ಮತ್ತೆ ಟ್ರ್ಯಾಕ್ಟರಿನ ಹಿಂದೆ.

“ಅದಾ ದೀಪ್ರೀ ಕಾಕಾ. ಈ ಸಲ ಹತ್ತಿದ್ದ ಕೂಡ್ಲೆ ಬಂದ್ ಮಾಡೀನ್ರಿ” ಎಂದ ಮಾಂತೇಶ. ಅವತ್ತು ಅವನ ಜೊತೆ ತಾಯಿ ಬಾಯವ್ವನೂ ಇದ್ದಳು. ಎಪ್ಪತ್ತೈದರ ಹಿರಿಯಳು, ಕೈಯಲ್ಲಿ ಕೋಲು, ಹಣೆಯ ತುಂಬ ಯಲ್ಲಮ್ಮನ ಭಂಡಾರ. ಅವಳನ್ನು ಮೊಣಕಾಲಿನ ಡಾಕ್ಟರರಿಗೆ ತೋರಿಸಿಕೊಂಡು ಬರುತ್ತೇನೆಂದು ಮಾಂತೇಶ ಹೊರಟ. ಹೋಗುವ ಮುಂಚೆ ಅವಳು ಬಾನೆಟ್ಟಿನ ಮೇಲೆ ಕೈಯಿಟ್ಟು, “ಲಗೂನ ಅರಾಮ ಆಗು” ಎಂದಳು.

ಮಡಿವಾಳೆಪ್ಪ ಚೇಂಬರ್ ಇಳಿಸಿದ. ಅದೇ ರಾಡಿ, ಅದೇ ಬಣ್ಣ, ಹಿಂದಿನದಕ್ಕಿಂತ ದಪ್ಪ. ಹೊಸ ಪಂಪಿಗೆ ಏನೂ ಆಗಿರಲಿಲ್ಲ. ಎಳೆಯಲು ಎಣ್ಣೆಯೇ ಸಿಗದೆ ಸುಮ್ಮನೆ ತಿರುಗುತ್ತಿತ್ತು ಅಷ್ಟೇ. ಈ ಇಂಜಿನ್ನಿನಲ್ಲಿ ಈಗ ಸುಭಾಸನ ಎಣ್ಣೆ ಒಂದು ಹನಿಯೂ ಇರಲಿಲ್ಲ. ಬೈಲಹೊಂಗಲದ ಡಬ್ಬಿಯ ಸೀಲನ್ನು ಅವನೇ ತನ್ನ ಕೈಯಾರೆ ಒಡೆದಿದ್ದ. ಗಾಡಿಯ ಕೆಳಗಿನಿಂದಲೇ ಕತ್ತು ಹೊರಳಿಸಿ ರಸ್ತೆಯ ಆಚೆ ನೋಡಿದ. ಬಿಳಿ ಅಂಗಿಯ ಸುಭಾಸ ಯಾರಿಗೋ ಫಿಲ್ಟರು ಕಟ್ಟಿಕೊಡುತ್ತಿದ್ದ. ತಾನು ಎಂಥ ಮಾತು ಆಡಿಬಿಟ್ಟೆ ಎಂದುಕೊಂಡು ಮಡಿವಾಳೆಪ್ಪ ಕತ್ತನ್ನು ಮತ್ತೆ ಒಳಕ್ಕೆ ಎಳೆದುಕೊಂಡ.

ಊಟಕ್ಕೆ ಮನೆಗೆ ಹೋದ. ಗ್ಯಾರೇಜಿನಲ್ಲಿ ಪೆಟ್ರೋಲ್ ಹಾಕಿ ಜಿಡ್ಡು ತೆಗೆದಿದ್ದರೂ ಬೆರಳ ಸಂದಿ, ಉಗುರಿನ ಬುಡದಲ್ಲಿ ಹಳದಿ ಉಳಿದಿತ್ತು. ಬಚ್ಚಲಲ್ಲಿ ಇಂದ್ರವ್ವ ನೀರು ಹಾಕುತ್ತ, “ಯಾರ ಮದುವಿಗೆ ಹೋಗಿ ಅರಿಷಿಣ ಹಚ್ಚಿ ಬಂದ್ರಿ?” ಎಂದು ನಕ್ಕಳು. ಬಟ್ಟೆ ತೊಳೆಯುವ ಸೋಪಿನ ಪುಡಿ ಹಾಕಿ ತಿಕ್ಕುತ್ತಿದ್ದ ಹಾಗೆ ಆ ಹಳದಿ ಕೆಂಪಾಯಿತು. ಇಂದ್ರವ್ವ ಚೆಂಬು ಕೆಳಗಿಟ್ಟಳು.

“ಅಯ್ಯ, ನಾ ಚ್ಯಾಷ್ಟಿ ಮಾಡಿದ್ನಿ. ಇದು ಖರೇನ ಅರಿಷಿಣ ಐತ್ರಿ! ಸಾಬಾಣ ಹತ್ತಿದ್ರ ಹಿಂಗ ಕೆಂಪಾಗತೈತಿ. ನನ್ನ ಎಷ್ಟ ಸೀರಿ ಹಿಂಗ ಹಾಳಾಗ್ಯಾವ.”

ನಲವತ್ತು ವರ್ಷದ ಅನುಭವ ಮೂಸಿ ನೋಡಿ ತಿಳಿಯದ್ದನ್ನು ಆಕೆ ಒಂದು ಚೆಂಬು ನೀರಿನಲ್ಲಿ ಹೇಳಿಬಿಟ್ಟಳು. ತಟ್ಟೆಯಲ್ಲಿ ಏನಿತ್ತೆಂದು ಅವನಿಗೆ ತಿಳಿಯಲಿಲ್ಲ. ತಿಂದ, ಎದ್ದ, ಅಡ್ಡಾಗದೆ ಗ್ಯಾರೇಜಿಗೆ ನಡೆದ.

ಎಣ್ಣೆ ಹಾಕುವ ಮುಚ್ಚಳ ತಿರುವಿ ನೋಡಿದ. ಒಳಗಿನ ರಬ್ಬರಿನ ಸುತ್ತ ಹಳದಿ ಗೆರೆ ಕೂತಿತ್ತು. ಅಷ್ಟರಲ್ಲಿ ತಾಯಿ ಮಗ ಡಾಕ್ಟರರ ಕಡೆಯಿಂದ ಬಂದರು. ಬಾಯವ್ವನನ್ನು ಬೆಂಚಿನ ಮೇಲೆ ಕೂರಿಸಿ ಮಾಂತೇಶ ಗೊಬ್ಬರದ ಅಂಗಡಿಗೆ ಹೋದ. ಮಡಿವಾಳೆಪ್ಪ ಅವಳ ಹಣೆಯ ಹಳದಿ ಭಂಡಾರವನ್ನೇ ನೋಡುತ್ತ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

“ಆಯಿ, ಈ ಗಾಡಿಗೆ ಏನರ ಹಾಕೀರೇನ್ರಿ?”

“ಹಾಕೀನಲ್ಲಪಾ” ಎಂದಳು ಬಾಯವ್ವ, ಹೆಮ್ಮೆಯಿಂದ. “ಯಲ್ಲಮ್ಮ ತಾಯಿ ಭಂಡಾರ, ಗುಡ್ಡದ ಅರಿಷಿಣ. ಮಂಗಳವಾರ ಒಂದ್ ಚಿಮಟಿ, ಶುಕ್ರವಾರ ಒಂದ್ ಚಿಮಟಿ. ಆವಾಗ ಕೆಟ್ಟ ನಿಂತಿತ್ತಲ್ಲ, ಅದು ರಿಪೇರಿ ಆಗಿ ಬಂದ ಮ್ಯಾಲ ಹಿಡಿ ತುಂಬ ಹಾಕೀನಿ.”

“ಎಲ್ಲಿ ಹಾಕಿದ್ರಿ?”

“ಅದರ ಬಾಯಾಗ. ಮಾಂತೇಶ ಎಣ್ಣಿ ಕುಡಿಸಿದ್ನಲ್ಲ, ಆ ಬಾಯಾಗ. ಅಂವ ಗಾಡಿ ತೊಳ್ಯಾಕ ಮುಂದಿನ ಬಾಗಿಲ ಎತ್ತಿ ನೀರ ತರಾಕ ಹೋಗ್ತಾನ, ಆಗ ಮುಚ್ಚಳ ತಿರುವಿ ಹಾಕ್ತೀನಿ. ಯಲ್ಲಮ್ಮನ ಗುಡ್ಡಕ್ಕ ಹೋದಾಗ ಮಂದಿ ಗಾಡಿ ಮ್ಯಾಲ ಅಷ್ಟ ಚೆಲ್ಲತಾರ. ಮ್ಯಾಲ ಹಚ್ಚಿದ್ರ ಒಳಗ ಹೆಂಗ ಹತ್ತೀತು? ನನಗ ಇರಾಂವ ಒಬ್ಬ ಮಗ ತಮ್ಮಾ. ದಿನಾ ಅದರಾಗ ಕುಂತ ಹೋಗ್ತಾನ.”

ಮಡಿವಾಳೆಪ್ಪ ನಗಲಿಲ್ಲ. ಸವದತ್ತಿ ಸೀಮೆಯಲ್ಲಿ ಹುಟ್ಟಿದ ಯಾರೂ ನಗುವ ಹಾಗಿರಲಿಲ್ಲ. ಮಗುವಿಗೆ ಜ್ವರ ಬಂದರೆ ಹಣೆಗೆ ಭಂಡಾರ ಹಚ್ಚಿ ನಾಲಿಗೆಗೆ ಒಂದು ಚಿಟಿಕೆ ಇಡುತ್ತಾರೆ, ಆಕಳು ಕರು ಹಾಕಲು ಕಷ್ಟಪಟ್ಟರೂ ಅದೇ. ಅವನ ಬಾಯಿಗೂ ಅವನವ್ವ ಎಷ್ಟು ಸಲ ಇಟ್ಟಿದ್ದಳೋ. ಕಾರೂ ಮನೆಗೆ ಬಂದ ಜೀವ ಎಂದು ಈ ಮುದುಕಿ ತಿಳಿದಿದ್ದರಲ್ಲಿ ತಪ್ಪು ಹುಡುಕುವುದು ಹೇಗೆ?

“ಆಯಿ, ನಿಮ್ಮ ಹೊಲದಾಗ ಬಾವಿ ಐತೇನ್ರಿ?”

“ಐತಿ. ಮೋಟರ್ ಕೂಡಿಸ್ಯಾರ.”

“ಪೈಪಿನ ಬಾಯಿಗೆ ಕಸಾ ರಾಡಿ ಮೆತ್ತಿದ್ರ ಏನಾಕ್ಕೈತಿ?”

“ಏನಾಕ್ಕೈತಿ? ಮೋಟರ್ ತಿರಗತೈತಿ, ನೀರ ಏರೂದಿಲ್ಲ.”

“ಈ ಇಂಜಿನ್ನಿನ ಹೊಟ್ಟ್ಯಾಗೂ ಅಂಥಾದ್ದೊಂದು ಪಂಪ್ ಐತ್ರಿ. ನೀರಿನ ಬದಲಿ ಎಣ್ಣಿ ಏರಸ್ತೈತಿ.” ತೊಳೆಯದೆ ಇಟ್ಟಿದ್ದ ಜಾಳಿಗೆಯನ್ನು ತಂದು ಅವಳಿಗೆ ತೋರಿಸಿದ.

ಬಾಯವ್ವ ಬೆರಳಿನಿಂದ ಮುಟ್ಟಿ ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮುಖ ಸಣ್ಣದಾಯಿತು. “ಹಂಗಾರ ಎರಡೂ ಸಲ ನಾನಾ ಕೆಡಿಸೀನೇನು?” ಎಂದಳು.

“ನೀವು ಪ್ರೀತೀಲೆ ಹಾಕೀರಿ. ಇನ್ನ ಮ್ಯಾಲ ಗಾಲಿಗೆ ಹಚ್ಚರಿ, ಬಾನೆಟ್ಟಿಗೆ ಹಚ್ಚರಿ, ಎಷ್ಟ ಬೇಕಾದ್ರೂ ಹಚ್ಚರಿ. ಬಾಯಾಗ ಮಾತ್ರ ಬ್ಯಾಡ್ರಿ.”

“ಯಾರ ಮುಂದೂ ಹೇಳಬ್ಯಾಡಪಾ. ಮಾಂತೇಶ ಬೈಯೂದಿಲ್ಲ, ಆದ್ರ ಮಂದಿ ನಗತಾರ. ಮುದುಕಿ ಗಾಡಿಗೆ ಅರಿಷಿಣ ತಿನಿಸಿದ್ಲಂತ ಊರ ತುಂಬ ಆಗತೈತಿ.”

“ಹೇಳೂದಿಲ್ರಿ ಆಯಿ” ಎಂದು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟ. ಕೊಟ್ಟ ಮೇಲೆ ರಸ್ತೆಯ ಆಚೆಗೆ ಕಣ್ಣು ಹೋಯಿತು. ಸುಭಾಸನ ಹೆಸರು ತೊಳೆಯಲು ಅವನ ಹತ್ತಿರ ಇದ್ದದ್ದು ಅದೊಂದೇ ನಿಜ. ಅದಕ್ಕೇ ಈಗ ಬೀಗ ಬಿದ್ದಿತ್ತು.

ತಾಯಿ ಮಗ ಬಸ್ಸಿಗೆ ಹೋದರು. ಮಡಿವಾಳೆಪ್ಪ ಕೆಲಸಕ್ಕೆ ಕೂತ. ಇದೊಂದೇ ಅವನಿಗೆ ಸಮಾಧಾನ ಕೊಡುತ್ತಿದ್ದ ಜಾಗ. ಚೇಂಬರನ್ನು ತಿಕ್ಕಿ ತಿಕ್ಕಿ ತೊಳೆದ. ಜಾಳಿಗೆಯನ್ನು ಬ್ರಶ್ಶಿನಿಂದ ಉಜ್ಜಿ ಬೆಳಕಿಗೆ ಹಿಡಿದು ಒಂದೊಂದು ಕಣ್ಣೂ ತೆರೆದಿದೆಯೇ ನೋಡಿದ. ಪಂಪು ಬಿಚ್ಚಿ, ಒತ್ತಡ ಹೆಚ್ಚಾದರೆ ಬಿಡುವ ಸಣ್ಣ ಸ್ಪ್ರಿಂಗನ್ನೂ ತೆಗೆದು ಒರೆಸಿದ. ಎಣ್ಣೆ ಹರಿಯುವ ದಾರಿಗಳಿಗೆಲ್ಲ ಗಾಳಿ ಊದಿದ, ಎರಡು ಸಲ. ಫಿಲ್ಟರು ಹೊಸದು, ಕೊಳವೆಯ ರಬ್ಬರಿನ ಉಂಗುರ ಹೊಸದು. ಆ ಉಂಗುರ ಸೀಳಿದ್ದರೆ ಪಂಪು ಎಣ್ಣೆಯ ಬದಲು ಗಾಳಿ ಎಳೆಯುತ್ತದೆ. ಕೂರಿಸುವ ಮುಂಚೆ ಪಂಪಿನ ಹೊಟ್ಟೆಗೆ ಒಂದಿಷ್ಟು ಎಣ್ಣೆ ತುಂಬಿಸಿದ. ಒಣಗಿದ ಪಂಪು ಮೊದಲ ಗುಟುಕು ಹಿಡಿಯಲು ಕಷ್ಟಪಡುತ್ತದೆ ಎಂದು ಬೈಲಹೊಂಗಲದ ಗುರು ಕಲಿಸಿದ್ದ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲ ಜೋಡಿಸಿ ಮುಗಿದಿತ್ತು. ಎಣ್ಣೆ ಹಾಕುವುದೊಂದು ಬಾಕಿ. ಮಾಂತೇಶ, ಬಾಯವ್ವ ಬಂದು ಬೆಂಚಿನ ಮೇಲೆ ಕೂತಿದ್ದರು. ಮಡಿವಾಳೆಪ್ಪ ಕೈ ಒರೆಸಿಕೊಂಡು, ಖಾಲಿ ಡಬ್ಬಿ ಹಿಡಿದು ರಸ್ತೆ ದಾಟಿದ. ಸುಭಾಸನ ಅಂಗಡಿಯ ಮುಂದೆ ಅವತ್ತೂ ಬಸ್ಸಿನ ಮಂದಿ ನಿಂತಿದ್ದರು. ಇದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡ.

“ಮೂರೂವರಿ ಲೀಟರ್ ಎಣ್ಣಿ ಕೊಡು. ಬ್ಯಾರಲ್ಲಿಂದು” ಎಂದ.

ಸುಭಾಸ ತಲೆ ಎತ್ತಿದ. “ಯಾವ ಗಾಡಿಗೆ?”

“ಅದಾ ಬಿಳಿ ಕಾರಿಗೆ.”

“ನಂದು ಕಲಬೆರಕಿ ಅಲ್ಲೇನು?”

“ಅಲ್ಲ” ಎಂದ ಮಡಿವಾಳೆಪ್ಪ. ಆಮೇಲೆ ಬಸ್ಸಿನ ಮಂದಿಯ ಕಡೆ ತಿರುಗಿ, ಅವತ್ತು ಕೂಗಿದಷ್ಟೇ ಗಟ್ಟಿಯಾಗಿ ಕೂಗಿದ: “ಕೇಳ್ರಿ! ಸುಭಾಸನ ಎಣ್ಣಿ ಶುದ್ಧ ಐತಿ. ಅವತ್ತ ಇಲ್ಲೇ ನಿಂತು ನಾ ತಪ್ಪ ಮಾತಾಡೀನಿ. ತಪ್ಪ ನಂದು.”

ಎಲ್ಲರೂ ನೋಡಿದರು. ನೆರಳಿನಲ್ಲಿದ್ದ ಟೆಂಪೋದವನೊಬ್ಬ ಕೇಳಿದ, “ಹಂಗಾರ ಆ ರಾಡಿ ಏನಿತ್ರಿ ಮಿಸ್ತ್ರಿ?”

ಮಡಿವಾಳೆಪ್ಪ ಬಾಯವ್ವ ಕೂತಿದ್ದ ಬೆಂಚಿನ ಕಡೆ ನೋಡಿದ. “ಅದನ್ನ ಹೇಳಾಕ ಬರೂದಿಲ್ಲ.”

ಯಾರೋ ಕಿಸಕ್ಕನೆ ನಕ್ಕರು. “ದೋಸ್ತಿ ಮ್ಯಾಲ ರಾಜಿ ಆಗ್ಯಾರ ಬಿಡ್ರಿ” ಎಂದು ಇನ್ನೊಬ್ಬ ಗೊಣಗಿದ. ಸುಭಾಸನ ಮುಖ ಇನ್ನಷ್ಟು ಬಿಗಿಯಿತು. “ಅರ್ಧಾ ಮಾತ್ ಆಡಾಕ ಯಾಕ ಬಂದಿ? ಇದರಕಿಂತ ಸುಮ್ನಿದ್ದಿದ್ರ ಚೊಲೊ ಇತ್ತು” ಎಂದು ಮೆಲ್ಲಗೆ ಹೇಳಿದ. ಖಾಲಿ ಡಬ್ಬಿ ಹಿಡಿದು ನಿಂತ ಮಡಿವಾಳೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕೂಗು ಬೆಂಚಿನವರೆಗೂ ಕೇಳಿತ್ತು. “ಏನದು ಗದ್ದಲ?” ಎಂದು ಬಾಯವ್ವ ಮಗನನ್ನು ಕೇಳಿದಳು. ಆ ಅಂಗಡಿಯ ಎಣ್ಣೆಯಿಂದಲೇ ನಮ್ಮ ಗಾಡಿ ಕೆಟ್ಟಿತೆಂದು ಮಿಸ್ತ್ರಿ ಎಲ್ಲರೆದುರು ಬೈದಿದ್ದ, ಅಂದಿನಿಂದ ಜನ ಅಲ್ಲಿ ಎಣ್ಣೆ ಕೊಳ್ಳುವುದು ಬಿಟ್ಟಿದ್ದಾರೆ ಎಂದು ಮಾಂತೇಶ ಹೇಳಿದ. ಬಾಯವ್ವ ಕೋಲು ತೆಗೆದುಕೊಂಡು ಎದ್ದಳು. ಎರಡೂ ಕಡೆಯ ಗಾಡಿಗಳಿಗೆ ಕೋಲನ್ನೇ ಅಡ್ಡ ಹಿಡಿದು ರಸ್ತೆ ದಾಟಿದಳು, ಹಿಂದೆ ಗಾಬರಿಯಾದ ಮಾಂತೇಶ.

“ಆ ರಾಡಿ ನಾ ಹಾಕೀನ್ರೆಪಾ” ಎಂದಳು, ಏದುಸಿರು ಬಿಡುತ್ತ. “ಅರಿಷಿಣ ಅದು. ತಾಯಿ ಭಂಡಾರ. ಇಂಜಿನ್ನಿನ ಬಾಯಾಗ ನಾನಾ ಹಾಕೀನಿ. ಈ ಮಿಸ್ತ್ರಿ ನನಗ ಮಾತ್ ಕೊಟ್ಟಾನ, ಅದಕ್ಕ ಹೇಳವಲ್ಲ. ನಗೂದಿದ್ರ ನನ್ನ ನೋಡಿ ನಗ್ರಿ.”

ನಕ್ಕರು. ನಗದೆ ಇರಲು ಯಾರಿಂದ ಸಾಧ್ಯ? ಆದರೆ ಅದು ಅವಳು ಹೆದರಿದ್ದಂಥ ನಗು ಅಲ್ಲ. ಬಸ್ಸಿನ ಹೆಂಗಸರಲ್ಲಿ ಒಬ್ಬಳು, “ನಾ ಟಿವಿ ಮ್ಯಾಲ ಹಚ್ಚೀನಿ ತಗೋರಿ” ಎಂದಳು.

“ಯವ್ವಾ, ನೀನಾ?” ಎಂದ ಮಾಂತೇಶ.

“ನಾನಾ. ಬೈಯೂದಿದ್ರ ಮನ್ಯಾಗ ಬೈ.” ಅವಳು ಸುಭಾಸನ ಹತ್ತಿರ ಹೋಗಿ ಸೆರಗಿನ ಗಂಟು ಬಿಚ್ಚತೊಡಗಿದಳು. ಪಕ್ಕದಲ್ಲೇ ಬಾಯಿ ತೆರೆದ ಎಣ್ಣೆಯ ಬ್ಯಾರಲ್ಲು. ಮಡಿವಾಳೆಪ್ಪ, ಮಾಂತೇಶ ಇಬ್ಬರೂ ಒಟ್ಟಿಗೆ ಜಿಗಿದು, “ಬ್ಯಾಡ್ರಿ! ಅದರಾಗ ಬ್ಯಾಡ್ರಿ!” ಎಂದು ಅಡ್ಡ ನಿಂತರು.

“ಹುಚ್ಚ ಖೋಡಿಗೋಳು! ಹಣಿಗೆ ಹಚ್ಚಾಕ” ಎಂದು ಬಾಯವ್ವ ಸುಭಾಸನ ಹಣೆಗೆ ಭಂಡಾರ ಹಚ್ಚಿದಳು. “ನನ್ನ ಸಲುವಾಗಿ ನಿನ್ನ ಹೆಸರ ಕೆಟ್ಟಿತು, ತಮ್ಮಾ.”

“ನಿಮ್ಮಿಂದ ಕೆಟ್ಟಿಲ್ರಿ ಆಯಿ” ಎಂದ ಸುಭಾಸ. ಸ್ಟೂಲು ಎಳೆದು ಅವಳನ್ನು ಕೂರಿಸಿದ. ಬಸ್ಸು ಬಂತು, ಮಂದಿ ನಗುತ್ತಲೇ ಹತ್ತಿ ಹೋದರು. ಇನ್ನು ಈ ಸುದ್ದಿ ಸವದತ್ತಿ ಮುಟ್ಟಲು ಒಂದು ತಾಸು ಸಾಕು. ಸುಭಾಸ ಡಬ್ಬಿ ಇಸಿದುಕೊಂಡು ಎಣ್ಣೆ ಅಳೆದ. ಅಳತೆಪಾತ್ರೆಯನ್ನು ಬಗ್ಗಿಸಿ ಹಿಡಿದು, ಅದರ ಕೊನೆಯ ಹನಿ ಇಳಿಯುವವರೆಗೂ ಕಾದ. ಮಡಿವಾಳೆಪ್ಪ ಮೆಟ್ಟಿಲ ಕೆಳಗೇ ನಿಂತಿದ್ದ.

“ನನ್ನ ಎಣ್ಣಿ ಕೆಟ್ಟೈತಿ ಅಂತ ನಿನಗ ಅನಿಸ್ತು. ಆತು, ಅನಿಸಬಹುದು” ಎಂದ ಸುಭಾಸ. “ನಿನ್ನ ಗ್ಯಾರೇಜಿಂದ ನನ್ನ ಅಂಗಡಿಗೆ ಎಷ್ಟ ಹೆಜ್ಜಿ ಅದಾವು?”

“ಇಪ್ಪತ್ತ ಇರಬೇಕು.”

“ಆ ಇಪ್ಪತ್ತ ಹೆಜ್ಜಿ ಬಂದು ಒಂದ್ ಮಾತ್ ಕೇಳಬೇಕಿಲ್ಲೇನೋ? ಅಲ್ಲೇ ನಿಂತು ಕೂಗಿದಿ. ಮಂದಿ ಬರೂದು ಬಿಟ್ಟಿದ್ದಕ್ಕ ನನಗ ಏನೂ ಅನಿಸಲಿಲ್ಲ. ಮೂವತ್ತೆರಡ ವರ್ಷ ಕೂಡಿ ಇದ್ದಾಂವ ಕೇಳದ ನಂಬಿದ್ನಲ್ಲಾ ಅಂತ ಮೂರ ವಾರ ಊಟ ಸೇರಿಲ್ಲ ನನಗ.”

ಮಡಿವಾಳೆಪ್ಪನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಗ್ರೀಸು ಬಳಿದುಕೊಂಡ.

ಸುಭಾಸ ಅವನ ಮುಖ ನೋಡಿದ. ನೋಡುತ್ತ ನೋಡುತ್ತ ಅವನ ತುಟಿಯ ಬಿಗಿ ಸಡಿಲವಾಯಿತು.

“ಈಗರ ಬಂದಿಯಲ್ಲ” ಎಂದ. “ಅಲ್ಯಾಕ ನಿಂತಿ? ಒಳಗ ಬಾ.”

ಮಡಿವಾಳೆಪ್ಪ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ.